ಹಗ್ಗದ ಎರಡು ತುದಿಗಳು

ಕೆಟ್ಟು ನಿಂತ ಮೋಟಾರಿನಷ್ಟು ಬೇಗನೆ ಮನುಷ್ಯನ ಗರ್ವವನ್ನು ಇಳಿಸುವ ವಸ್ತು ಇನ್ನೊಂದಿರಲಾರದು. ನಡೆಯುತ್ತಿರುವವರೆಗೆ ಅದು ನಮ್ಮ ವಾಹನ. ನಿಂತಿತೆಂದರೆ ನಾವೇ ಅದರ ಕಾವಲುಗಾರರು. ಕಳೆದ ಮಳೆಗಾಲದ ಒಂದು ಸಂಜೆ ಸವದತ್ತಿಯಿಂದ ಬೈಲಹೊಂಗಲಕ್ಕೆ ಹೊರಟಿದ್ದಾಗ ಈ ಕಾವಲುಗಾರಿಕೆ ನನ್ನ ಪಾಲಿಗೂ ಬಂದಿತು. ಎಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಎರಡೂ ಮಗ್ಗುಲಿಗೆ ಎರೆಯ ಹೊಲ. ರಸ್ತೆಯ ಅಂಚನ್ನು ಬಿಟ್ಟು ಒಂದು ಗೇಣು ಕೆಳಗಿಳಿದರೆ ಗಾಲಿ ಹೂತುಹೋಗುವಂಥ ನೆಲ. ಹೊತ್ತು ಮುಳುಗುತ್ತಲಿತ್ತು.

ನನ್ನ ಪಕ್ಕದಿಂದ ಹಲವು ಗಾಡಿಗಳು ಹಾಯ್ದುಹೋದವು. ಅವುಗಳಲ್ಲಿ ಹೆಚ್ಚಿನವು ಹೊಸ ಕಾರುಗಳು, ಗಾಜು ಏರಿಸಿಕೊಂಡಿದ್ದವು. ಅವರನ್ನು ನಾನು ದೂರಲಾರೆ. ಹಾಗೆ ಗಾಜು ಏರಿಸಿಕೊಂಡು ನಾನೂ ಎಷ್ಟೋ ಸಲ ಹಾಯ್ದುಹೋದವನೇ. ಕೊನೆಗೆ ನಿಂತುದು ಒಂದು ಹಳೆಯ ಪಿಕಪ್. ಅದರ ಬಣ್ಣ ಯಾವುದೆಂದು ಹೇಳುವುದು ಕಷ್ಟ. ಒಂದು ಬಾಗಿಲನ್ನು ಹಗ್ಗದಿಂದಲೇ ಕಟ್ಟಿದ್ದರು. ಹಿಂದೆ ಹತ್ತಾರು ಚೀಲ ಗೊಬ್ಬರವಿದ್ದಿತು. ನಡೆಸುವಾತ ಇಳಿದು ಬಂದು ಕೇಳಿದ ಮೊದಲ ಮಾತು, “ಏನಾಗೈತಿ?” ಎಂದಲ್ಲ. “ಬ್ರೇಕು ಹತ್ತತಾವೇನ್ರಿ? ಸ್ಟೇರಿಂಗ್ ತಿರಗತೈತೇನ್ರಿ?” ಎಂದು. ವಿದ್ಯೆಯೆಂದರೆ ಇದು. ಎಳೆಯುವುದಕ್ಕಿಂತ ಮೊದಲು ನಿಲ್ಲಿಸುವ ವಿಚಾರ ಮಾಡುವವನೇ ಬಲ್ಲವನು.

ಆ ಮೇಲೆ ಅವನು ನನಗೆ ಕಲಿಸಿದ ಪಾಠ ಯಾವ ಶಾಲೆಯಲ್ಲಿಯೂ ನನಗೆ ದೊರೆತಿರಲಿಲ್ಲ. ಕಾರಿನ ಕೀಲಿಯನ್ನು ತೆಗೆಯಬಾರದು. ತೆಗೆದರೆ ತಿರುಗುವ ಚಕ್ರ ಬಿಗಿದುಕೊಳ್ಳುತ್ತದೆ. ಗೇರನ್ನು ಬಿಡಿಸಿಡಬೇಕು. ಎಂಜಿನ್ ನಡೆಯದಿರುವಾಗ ಬ್ರೇಕಿಗೆ ನೆರವಾಗುವ ಶಕ್ತಿ ಒಂದೆರಡು ತುಳಿತಗಳಲ್ಲಿಯೇ ತೀರಿಹೋಗುತ್ತದೆ. ಅನಂತರ ಪೆಡಲು ಕಲ್ಲಾಗುತ್ತದೆ, ಚಕ್ರ ಭಾರವಾಗುತ್ತದೆ. ಗಾಬರಿಗೊಳ್ಳದೆ ಬಲವಾಗಿ ತುಳಿಯಬೇಕು. ಹಗ್ಗ ಎಂದಿಗೂ ಸಡಿಲಾಗಬಾರದು. ಸಡಿಲಾಗಿ ಒಮ್ಮೆಲೇ ಬಿಗಿದರೆ ಜಗ್ಗುವುದಿಲ್ಲ, ಹರಿಯುತ್ತದೆ. ಹರಿದ ಹಗ್ಗ ಚಾಟಿಯಂತೆ ಬೀಸಿ ಬರುವುದುಂಟು. ಆದುದರಿಂದ ಅದರ ನಡುವೆ ಒದ್ದೆಯ ಗೋಣಿಚೀಲವೊಂದನ್ನು ಹೊದಿಸಬೇಕು. ಹಾರ್ನ್ ಒಂದು ಸಲವಾದರೆ ಹೊರಡು, ಎರಡು ಸಲವಾದರೆ ನಿಲ್ಲು. ಅವನ ಗೊಬ್ಬರದ ಚೀಲಗಳೂ ವ್ಯರ್ಥವಾಗಿ ಕುಳಿತಿರಲಿಲ್ಲ. ಬರಿದಾದ ಪಿಕಪ್ಪಿನ ಹಿಂಗಾಲಿಗಳು ಹಸಿಯ ನೆಲದಲ್ಲಿ ಜಾರುತ್ತವೆ. ಹೇರು ಇದ್ದರೆ ನೆಲವನ್ನು ಕಚ್ಚುತ್ತವೆ. “ಎತ್ತು ಮೊದಲ ನೊಗಕ್ಕ ಹೆಗಲ ಕೊಡಬೇಕ್ರಿ, ಆಮ್ಯಾಲೆ ಎಳೀಬೇಕು” ಎಂದು ಅವನು ಅಂದ. ಹೊರಡುವಾಗ ಹಾಗೆಯೇ, ಹಗ್ಗ ಬಿಗಿಯುವವರೆಗೆ ಇರುವೆಯಂತೆ ನಡೆದು, ಆಮೇಲೆ ಭಾರವನ್ನು ಎತ್ತಿಕೊಂಡ.

ಬೈಲಹೊಂಗಲದ ರಿಪೇರಿ ಅಂಗಡಿಯ ಮುಂದೆ ಹಗ್ಗ ಬಿಚ್ಚುವಾಗ ತಿಳಿಯಿತು, ಅವನ ಹಳ್ಳಿ ದಾರಿಯಲ್ಲಿಯೇ ಹಿಂದೆ ಉಳಿದುಹೋಗಿತ್ತೆಂದು. ನಾನು ನೋಟು ತೆಗೆದೆ. ಅವನು ಕೈ ಹಿಂದಕ್ಕೆ ಎಳೆದುಕೊಂಡ. “ದಾರ್ಯಾಗ ನಿಂತವರ ಕಡಿಂದ ರೊಕ್ಕ ತಗೊಳ್ಳೂದು ಛಲೋ ಅಲ್ರಿ” ಎಂದ. ನಾನು ಕೈಮುಗಿದೆ, ಮನೆಗೆ ಬಂದು ಹತ್ತು ಮಂದಿಗೆ ನಮ್ಮ ಹಳ್ಳಿಗರ ಔದಾರ್ಯದ ಕಥೆಯನ್ನು ಹೇಳಿದೆ. ಹೇಳುವಾಗ ನನ್ನ ಕಣ್ಣು ತೇವವಾಗುತ್ತಿದ್ದುದೂ ಉಂಟು. ಮೂರು ವಾರಗಳ ಮೇಲೆ ಅದೇ ಅಂಗಡಿಯಲ್ಲಿ ಅದೇ ಪಿಕಪ್ಪನ್ನು ಕಂಡೆ. ಅದರ ಹೊಟ್ಟೆ ಬಿಚ್ಚಿದ್ದರು. ಕ್ಲಚ್ಚಿನ ಫಲಕ ಸವೆದುಹೋಗಿತ್ತು. ಅದರ ಯಜಮಾನ ನನ್ನನ್ನು ಗುರುತಿಸಿ ನಕ್ಕ. “ನಿಮ್ಮ ಗಾಡಿಯಿಂದ ಆದದ್ದಲ್ರಿ. ಅದರ ವಯಸ್ಸು ಆಗಿತ್ತು” ಎಂದ. ಇರಬಹುದು. ಆದರೆ ಒಂದು ಹಳೆಯ ಗಾಡಿ, ತನ್ನ ಹೇರಿನೊಡನೆ ಇನ್ನೊಂದು ಗಾಡಿಯನ್ನೂ ಕಟ್ಟಿಕೊಂಡು, ಮೇಲಿಂದ ಮೇಲೆ ಅರ್ಧ ಕ್ಲಚ್ಚಿನಲ್ಲಿ ಹೊರಟರೆ ಸವೆಯುವುದು ಆ ಫಲಕವೇ. ಅಂದಿನಿಂದ ಆ ಔದಾರ್ಯದ ಕಥೆಯನ್ನು ಹೇಳುವುದನ್ನು ನಾನು ಬಿಟ್ಟಿದ್ದೇನೆ. ಅದರ ಬದಲಿಗೆ ವಾಚಕರ ಮುಂದೆ ಒಂದು ವಿಚಾರವನ್ನು ಇಡಬೇಕೆಂದಿದ್ದೇನೆ.

ನಮ್ಮ ಹಿರಿಯರಲ್ಲಿ ಮುಯ್ಯಿ ಎಂಬ ಪದ್ಧತಿಯಿತ್ತು. ನನ್ನ ಹೊಲದ ಕೆಲಸಕ್ಕೆ ನೀನು ಬಾ, ನಿನ್ನ ಹೊಲದ ಕೆಲಸಕ್ಕೆ ನಾನು ಬರುವೆ. ದಾರಿಯಲ್ಲಿಯೂ ಅದೇ ನ್ಯಾಯ. ಬೈಲಹೊಂಗಲದ ಪೇಟೆಗೆ ಹತ್ತಿ ಹೇರಿಕೊಂಡು ಹೊರಟ ಚಕ್ಕಡಿ ಎರೆಯ ರಾಡಿಯಲ್ಲಿ ಹೂತರೆ ಹಿಂದಿನ ಚಕ್ಕಡಿಯವನು ತನ್ನ ಎತ್ತುಗಳನ್ನು ಬಿಚ್ಚಿ ತಂದು ಮುಂದೆ ಹೂಡುತ್ತಿದ್ದ. ಭರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಬಂಡಿಗಳ ಸಾಲಿನಲ್ಲಿ ಒಬ್ಬನ ಬಂಡಿ ನಿಂತರೆ ಇಡೀ ಸಾಲೇ ನಿಲ್ಲುತ್ತಿತ್ತು. ಅಲ್ಲಿ ಯಾರೂ ರೊಕ್ಕ ಕೇಳುತ್ತಿರಲಿಲ್ಲ. ಕೇಳುವ ಕಾರಣವೂ ಇರಲಿಲ್ಲ. ಇಂದು ನಿನ್ನ ಗಾಲಿ ಹೂತಿತು, ನಾಳೆ ನನ್ನದು ಹೂಳಬಹುದು. ಎತ್ತು ಎತ್ತಿಗೆ ಸಮ, ಚಕ್ಕಡಿ ಚಕ್ಕಡಿಗೆ ಸಮ. ರೊಕ್ಕ ಬೇಡವೆಂದ ಆ ಮಾತು ಈ ಸಮತೆಯ ನೆಲದಲ್ಲಿ ಬೆಳೆದ ಮಾತು.

ಈಗ ಆ ಸಮತೆ ಎಲ್ಲಿದೆ? ಹಳೆಯ ಪಿಕಪ್ಪು ಕಾರನ್ನು ಎಳೆಯಬಲ್ಲದು. ಅದಕ್ಕೆ ಏಣಿಯಂತೆ ಜೋಡಿಸಿದ ಉಕ್ಕಿನ ಚೌಕಟ್ಟಿದೆ, ಪಟ್ಟಿಯ ಸ್ಪ್ರಿಂಗುಗಳಿವೆ, ನಿಧಾನವಾದರೂ ಗಟ್ಟಿಯಾದ ಮೊದಲ ಗೇರಿದೆ. ಆದರೆ ಹೇರು ತುಂಬಿದ ಪಿಕಪ್ಪು ಕೆಟ್ಟು ನಿಂತರೆ ನನ್ನ ತೆಳ್ಳಗಿನ ಕಾರು ಅದನ್ನು ಎಳೆಯಲಾರದು. ತನಗಿಂತ ಭಾರವಾದುದನ್ನು ಎಳೆಯ ಹೋಗುವುದು ಅಪಾಯವೂ ಹೌದು. ಅಂದರೆ ಮುಯ್ಯಿ ಒಂದೇ ದಿಕ್ಕಿಗೆ ಹರಿಯುತ್ತಿದೆ. ಇದ್ದವನ ಗಾಡಿಯನ್ನು ಇಲ್ಲದವನ ಗಾಡಿ ಎಳೆಯುತ್ತದೆ; ಕ್ಲಚ್ಚು ಸವೆಯುವುದು ಇಲ್ಲದವನದು, ಕಥೆ ಹೇಳುವುದು ಇದ್ದವನದು. ತೀರಿಸದ ಮುಯ್ಯಿಗೆ ಔದಾರ್ಯವೆಂದು ಹೆಸರಿಡುವುದು ನಮಗೆ ಅನುಕೂಲವಾದ ಮಾತು, ಅಷ್ಟೇ.

ಸತ್ಕಾರ್ಯಕ್ಕೆ ಬೆಲೆ ಕಟ್ಟಿದರೆ ಅದು ವ್ಯಾಪಾರವಾಗುತ್ತದೆ ಎಂದು ಕೆಲವರು ಹೇಳಬಹುದು. ಈ ಆಕ್ಷೇಪಣೆಯಲ್ಲಿ ತಥ್ಯವಿಲ್ಲದಿಲ್ಲ. ದಾರಿಯಲ್ಲಿ ನಿಂತವನ ಸಂಕಟವನ್ನು ನೋಡಿ ದರ ಹೇಳುವವರೂ ಇದ್ದಾರೆ. ಆ ದಿನ ನನ್ನ ಮುಂದೆ ಅಂಥವನೊಬ್ಬ ನಿಂತಿದ್ದರೆ ನಾನು ಕೇಳಿದಷ್ಟು ಕೊಡುತ್ತಿದ್ದೆ, ಶಪಿಸುತ್ತಲೂ ಇದ್ದೆ. ಆದರೆ ಬೆಲೆ ಕೇಳುವುದು ಬೇರೆ, ವೆಚ್ಚ ಕೊಡುವುದು ಬೇರೆ. ಕೇಳದಿರುವುದು ಎಳೆದವನ ದೊಡ್ಡತನ. ಕೇಳಲಿಲ್ಲವೆಂದು ಕೊಡದಿರುವುದು ಎಳೆಯಿಸಿಕೊಂಡವನ ಸಣ್ಣತನ. ನೋಟನ್ನು ಬೇಡವೆಂದವನು ತನ್ನ ಟಾಕಿಗೆ ತುಂಬಿಸಿದ ಡೀಸೆಲನ್ನು ಬೇಡವೆನ್ನುವುದು ಅಪರೂಪ. ಮಾರ್ಗವಿದೆ, ಹುಡುಕುವ ಮನಸ್ಸು ಬೇಕು.

ಈ ಮಾತು ಇಲ್ಲಿಯ ನಾಲ್ಕು ಊರುಗಳಿಗೆ ವಿಶೇಷವಾಗಿ ಸಲ್ಲುತ್ತದೆ. 1824ರಲ್ಲಿ ಕಂಪನಿಯ ದಂಡನ್ನು ಮೊದಲ ಸಲ ಹಿಮ್ಮೆಟ್ಟಿಸಿದ ಕಿತ್ತೂರು, 1829ರಲ್ಲಿ ರಾಣಿ ಚೆನ್ನಮ್ಮ ಸೆರೆಯಲ್ಲಿ ಕಣ್ಣುಮುಚ್ಚಿದ ಬೈಲಹೊಂಗಲ, ಎಲ್ಲಮ್ಮನ ಸವದತ್ತಿ, ಒಂದು ಕಾಲಕ್ಕೆ ಸಂಸ್ಥಾನವಾಗಿದ್ದ ರಾಮದುರ್ಗ: ಇವುಗಳ ಪೈಕಿ ಒಂದಕ್ಕೂ ಇಂದಿಗೂ ರೈಲಿನ ನಿಲ್ದಾಣವಿಲ್ಲ. ಹೆರಿಗೆಯ ಹೆಣ್ಣುಮಗಳೂ ಪರೀಕ್ಷೆಯ ವಿದ್ಯಾರ್ಥಿಯೂ ಉಳ್ಳಾಗಡ್ಡಿಯ ಚೀಲವೂ ರಸ್ತೆಯನ್ನೇ ನಂಬಬೇಕು. ಕಿತ್ತೂರಿನ ಮಗ್ಗುಲಿಗೆ ಪುಣೆ–ಬೆಂಗಳೂರು ಹೆದ್ದಾರಿ ಹಾಯ್ದಿದೆ; ರಾಷ್ಟ್ರೀಯ ಹೆದ್ದಾರಿಯಲ್ಲಿ ಕೆಟ್ಟು ನಿಂತವನು 1033 ಎಂಬ ಸಂಖ್ಯೆಗೆ ಕರೆ ಮಾಡಿ ನೆರವು ಬೇಡಬಹುದು. ಹೆದ್ದಾರಿಯನ್ನು ಬಿಟ್ಟು ಹಳ್ಳಿಯ ದಾರಿಗೆ ಹೊರಳಿದರೆ ಆ ಭಾಗ್ಯವಿಲ್ಲ. ಅಲ್ಲಿ ಕ್ರೇನು ಎಂದರೆ ನೆರೆಯವನ ಪಿಕಪ್ಪು ಅಥವಾ ಟ್ರ್ಯಾಕ್ಟರು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಕಡೆಯ ಹಳ್ಳಿಗಳಿಗೆ ನುಗ್ಗಿದುದನ್ನು ಕಂಡವರಿಗೆ, ಇಂಥ ಗಾಡಿಗಳ ಬೆಲೆ ಏನೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹೀಗಿರಲು ಎರಡು ಕಡೆಯಿಂದ ಈ ಹಳೆಯ ಗಾಡಿಗೆ ಕಂಟಕವಿದೆ. ಒಂದು, ವಯಸ್ಸಿನದು. 2022ರ ಏಪ್ರಿಲ್‌ನಿಂದ ಹದಿನೈದು ವರ್ಷ ಮೀರಿದ ವಾಹನಗಳ ಅರ್ಹತಾ ಪತ್ರದ ಶುಲ್ಕ ಬಹಳ ಏರಿತು. ಹೊಗೆ ಕಾರುವ, ಬ್ರೇಕಿಲ್ಲದ ಗಾಡಿ ರಸ್ತೆಯಿಂದ ಇಳಿಯಲೇಬೇಕೆಂಬುದನ್ನು ನಾನು ಒಪ್ಪುತ್ತೇನೆ. ಎಳೆಯುವ ಗಾಡಿಗಂತೂ ಬ್ರೇಕು ಎರಡು ಪಟ್ಟು ಬೇಕು. ಆದರೆ ಗಾಡಿಯನ್ನು ಅಳೆಯಬೇಕಾದುದು ಅದರ ಸ್ಥಿತಿಯಿಂದ, ಜನ್ಮಪತ್ರಿಕೆಯಿಂದಲ್ಲ. ಎರಡನೆಯದು, ಕಾನೂನಿನ ಅಜ್ಞಾನ. ಎಳೆಯುವುದಕ್ಕೂ ನಿಯಮಗಳುಂಟು ಎಂಬುದು ಎಳೆಯುವವನಿಗೂ ಗೊತ್ತಿಲ್ಲ, ಎಳೆಯಿಸಿಕೊಳ್ಳುವವನಿಗೂ ಗೊತ್ತಿಲ್ಲ. 1989ರ ರಸ್ತೆ ನಿಯಮಾವಳಿಯಲ್ಲಿಯೇ ಅವನ್ನು ವಿವರವಾಗಿ ಹೇಳಿದ್ದರು. ಕೆಟ್ಟ ಗಾಡಿಯನ್ನು ಹತ್ತಿರದ ರಿಪೇರಿ ಅಂಗಡಿಗೆ ಇಲ್ಲವೆ ಪೆಟ್ರೋಲ್ ಬಂಕಿಗೆ ಒಯ್ಯಬಹುದು. ಅದರ ಚಕ್ರದ ಮುಂದೆ ಪರವಾನಗಿಯುಳ್ಳವನು ಕುಳಿತಿರಬೇಕು. ಎರಡು ಗಾಡಿಗಳ ನಡುವಿನ ಅಂತರ ಐದು ಮೀಟರು ಮೀರಬಾರದು. ಹಗ್ಗ ಇತರರಿಗೆ ಎದ್ದು ಕಾಣಬೇಕು. ಎಳೆಯಿಸಿಕೊಳ್ಳುತ್ತಿರುವ ಗಾಡಿಯೆಂಬ ಬರಹ ಹಿಂದೆ ಬಿಳಿಯ ಹಲಗೆಯ ಮೇಲೆ ಕರಿಯ ಅಕ್ಷರಗಳಲ್ಲಿರಬೇಕು. ವೇಗ ಗಂಟೆಗೆ 24 ಕಿಲೋಮೀಟರನ್ನು ದಾಟಬಾರದು. 2017ರಲ್ಲಿ ಆ ನಿಯಮಾವಳಿಯ ಜಾಗಕ್ಕೆ ಹೊಸದು ಬಂದಿತು; ಆದರೆ ಹಳೆಯದರ ಹಿಂದಿದ್ದ ವಿವೇಕ ಹಳೆಯದಾಗಿಲ್ಲ. ಅಪಘಾತದಲ್ಲಿ ನೊಂದವನಿಗೆ ಸದ್ಭಾವದಿಂದ ನೆರವಾದವನನ್ನು ಕಾಪಾಡಲು 2019ರ ತಿದ್ದುಪಡಿಯಲ್ಲಿ ಒಂದು ಕಲಮನ್ನು ಸೇರಿಸಿದರು. ಅದು ಗಾಯಗೊಂಡ ಮನುಷ್ಯನ ಮಾತು. ಕೆಟ್ಟ ಗಾಡಿಯನ್ನು ಎಳೆದವನ ಮಾತಲ್ಲ. ಹಗ್ಗ ಹರಿದು ಅನಾಹುತವಾದರೆ ಎಳೆದವನು ಒಂಟಿ.

ಆದುದರಿಂದ ನನ್ನ ಸೂಚನೆಗಳು ದೊಡ್ಡವಲ್ಲ. ಗಾಡಿ ನಡೆಸುವುದನ್ನು ಕಲಿಸುವ ಶಾಲೆಗಳು ಒಂದು ತಾಸು ಎಳೆಯುವುದನ್ನೂ ಎಳೆಯಿಸಿಕೊಳ್ಳುವುದನ್ನೂ ಕಲಿಸಲಿ. ಗೇರು ತಾನೇ ಬದಲಾಗುವ ಕಾರನ್ನೂ ವಿದ್ಯುತ್ತಿನ ಕಾರನ್ನೂ ಎಳೆತದ ಗಾಲಿಗಳನ್ನು ನೆಲಕ್ಕೆ ಊರಿ ಎಳೆಯಬಾರದೆಂದು ಅಲ್ಲಿ ತಿಳಿಸಲಿ. ಮೊದಲನೆಯದರಲ್ಲಿ ಎಂಜಿನ್ ನಿಂತಿರುವಾಗ ಗೇರುಪೆಟ್ಟಿಗೆಗೆ ಎಣ್ಣೆ ಏರುವುದಿಲ್ಲ, ಎಳೆದರೆ ಅದು ಸುಟ್ಟುಹೋಗುತ್ತದೆ. ಪ್ರತಿಯೊಂದು ಪೆಟ್ರೋಲ್ ಬಂಕಿನಲ್ಲಿ ಒಂದು ಗಟ್ಟಿಯಾದ ಎಳೆಗಂಬಿ, ಒಂದು ಬಿಳಿಯ ಹಲಗೆ ಇರಲಿ, ಖರ್ಚು ಹೆಚ್ಚಿನದಲ್ಲ. ಇನ್ನು ಕಾರಿರುವ ನಾವು, ಎಳೆದವನಿಗೆ ಡೀಸೆಲು ತುಂಬಿಸಿಯೇ ಮನೆಗೆ ಹೋಗುವುದನ್ನು ರೂಢಿ ಮಾಡಿಕೊಳ್ಳೋಣ.

ಆ ಪಿಕಪ್ಪಿನ ಯಜಮಾನ ಕ್ಲಚ್ಚಿನ ವೆಚ್ಚದಲ್ಲಿ ಅರ್ಧ ಪಾಲನ್ನು ನನ್ನಿಂದ ತೆಗೆದುಕೊಂಡನು. ಅರ್ಧ ತಾಸು ವಾದಿಸಿದ ಮೇಲೆ. “ನಿಮಗ ಸಮಾಧಾನ ಆಗೂದಾದ್ರ ಕೊಡ್ರಿ” ಎಂದು ಅಂದನೇ ಹೊರತು, ನನ್ನಿಂದ ಬರಬೇಕಾಗಿತ್ತು ಎಂದು ಅನ್ನಲಿಲ್ಲ. ಈಗ ನನ್ನ ಕಾರಿನ ಹಿಂದಿನ ಪೆಟ್ಟಿಗೆಯಲ್ಲಿ ಒಂದು ಹಗ್ಗವೂ ಒಂದು ಗೋಣಿಚೀಲವೂ ಇವೆ. ಅವುಗಳಿಂದ ನಾನು ಯಾರನ್ನೂ ದೂರ ಎಳೆಯಲಾರೆ. ಆದರೆ ದಾರಿಯಲ್ಲಿ ನಿಂತವರನ್ನು ಕಂಡಾಗ ಗಾಜು ಇಳಿಸಿ, “ಬ್ರೇಕು ಹತ್ತತಾವೇನ್ರಿ?” ಎಂದು ಕೇಳಬಲ್ಲೆ. ಮುಯ್ಯಿಯನ್ನು ಕೊಟ್ಟವನಿಗೇ ತೀರಿಸಲಾಗದಿದ್ದಾಗ ಮುಂದೆ ಸಿಕ್ಕವನಿಗೆ ತೀರಿಸುವುದೊಂದೇ ದಾರಿ.