ಮನೆಯ ಮಾತು: ಹಸಿರು ಚೀಟಿಯೂ ಅಣ್ಣನ ಗಾಡಿಯೂ



ಸರ್ಕಾರಿ ಕಚೇರಿಯ ಗುಮಾಸ್ತನಿಗೆ ಮೊಹರಿನ ಬೆಲೆ ಗೊತ್ತು. ಅದರ ಮಿತಿಯೂ ಗೊತ್ತು. ಕಾಗದದ ಮೇಲೆ ಮೊಹರು ಬಿತ್ತೆಂದರೆ ಕೇಳುವವರು ಸುಮ್ಮನಾಗುತ್ತಾರೆ, ಹಾಕಿದವರು ಕೈ ತೊಳೆದುಕೊಳ್ಳುತ್ತಾರೆ. ಆದರೆ ಮೊಹರು ಹೇಳುವುದು ಇಷ್ಟೇ: ಇಂಥ ದಿನ, ಇಂಥವರು, ಇದನ್ನು ನೋಡಿದರು. ನಾಳೆಯ ಮಾತನ್ನು ಅದು ಹೇಳಲಾರದು. ಈ ಸಲ ಬಂದಿರುವ ಒಂದು ಪತ್ರಕ್ಕೆ ಉತ್ತರ ಬರೆಯಬೇಕಾದರೆ ಇಷ್ಟು ಪೀಠಿಕೆ ಬೇಕಾಯಿತು.

ಪತ್ರ ಬರೆದವರು ಮಾಟುಂಗದ ಹಿರಿಯ ಸದಸ್ಯೆಯೊಬ್ಬರು. ಅವರ ಅಣ್ಣನವರು ಧಾರವಾಡದಲ್ಲಿ ಓದಿ 1960ರ ದಶಕದ ಕೊನೆಗೆ ಇಂಗ್ಲೆಂಡಿಗೆ ಹೋದವರು. ಈಗ ಎಂಬತ್ತು ದಾಟಿದೆ. ಹೆಂಡತಿ ತೀರಿಕೊಂಡ ಮೇಲೆ ಅಲ್ಲಿಯದೇ ಒಂದು ವೃದ್ಧಾಶ್ರಮ ಸೇರಿದ್ದಾರೆ. ಮೊಣಕಾಲು ಕೈಕೊಟ್ಟಿದೆ. ಬ್ಯಾಟರಿಯಿಂದ ಓಡುವ ಕುಳ್ಳು ಸ್ಕೂಟರೊಂದನ್ನು ಕೊಂಡು, ಅದರ ಮೇಲೆ ಕುಳಿತು ಗ್ರಂಥಾಲಯಕ್ಕೂ ಪಾರ್ಕಿಗೂ ತಾವೇ ಹೋಗಿಬರುತ್ತಿದ್ದರು. ಈಗ ಆಶ್ರಮದವರು, “ವಿದ್ಯುತ್ ಪರೀಕ್ಷೆಯಾಗಿ ಚೀಟಿ ಅಂಟುವ ತನಕ ಗಾಡಿ ಹೊರಗಿನ ಷೆಡ್ಡಿನಲ್ಲಿರಲಿ, ನಡುಹಾದಿಯಲ್ಲಿ ಚಾರ್ಜಿಗೆ ಹಾಕಕೂಡದು” ಎಂದಿದ್ದಾರಂತೆ. ಅಣ್ಣನವರು ಫೋನಿನಲ್ಲಿ, “ಕಾಲು ಒಮ್ಮೆ ಹೋಗಿದ್ವು, ಈಗ ಎರಡನೇ ಸಲ ಹೋದ್ವು ನೋಡವಾ” ಎಂದರಂತೆ. “ಇದು ನಿಯಮವೋ, ಪರದೇಶದವನೆಂಬ ಕಿರುಕುಳವೋ?” ಎಂದು ತಂಗಿಯ ಪ್ರಶ್ನೆ.

ತಾಯಿ, ಕಿರುಕುಳವೆಂದು ಒಮ್ಮೆಗೇ ತಿಳಿಯಬೇಡಿ. ಆದರೆ ಆಶ್ರಮದವರು ಹೇಳಿದ್ದೆಲ್ಲವೂ ಕಾಯಿದೆಯ ಮಾತೆಂದೂ ತಿಳಿಯಬೇಡಿ.

ಮೊದಲು ಗಾಡಿಯ ವಿಷಯ. ಅಮೆರಿಕದ ಮಿಶಿಗನ್ ಸಂಸ್ಥಾನದಲ್ಲಿ 1968ರಲ್ಲಿ ಅಲನ್ ತೀಮ್ ಎಂಬವರು ಕಾಯಿಲೆಯಿಂದ ನಡೆಯಲಾರದ ತಮ್ಮ ಬಂಧುವೊಬ್ಬರಿಗಾಗಿ ಕಟ್ಟಿದ ಗಾಡಿಯೇ ಇಂದಿನ ಈ ಸ್ಕೂಟರುಗಳ ಹಿರಿಯ. ಬ್ರಿಟನ್ನಿನಲ್ಲಿ ಕಾಲುದಾರಿಯ ಮೇಲೆ ಗಂಟೆಗೆ 4 ಮೈಲಿ ಓಡುವ ಒಂದು ವರ್ಗ, ರಸ್ತೆಗಿಳಿದರೆ 8 ಮೈಲಿ ಓಡುವ ಇನ್ನೊಂದು ವರ್ಗ ಉಂಟು. ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ವೋಲ್ಟು. ಇಷ್ಟರಿಂದ ಮುಟ್ಟಿದವರಿಗೆ ಪ್ರಾಣಾಪಾಯವಾಗುವುದಿಲ್ಲ. ಅಪಾಯವಿರುವುದು ಎರಡು ಕಡೆ. ಗೋಡೆಯ 230 ವೋಲ್ಟನ್ನು ತೆಗೆದುಕೊಳ್ಳುವ ಚಾರ್ಜರಿನಲ್ಲಿ ಒಂದು. ಬ್ಯಾಟರಿ ಕೆಟ್ಟು ಕಾದಾಗ ಹತ್ತುವ ಬೆಂಕಿಯಲ್ಲಿ ಇನ್ನೊಂದು. ಹಳೆಯ ಸೀಸದ ಬ್ಯಾಟರಿಗೆ ಅತಿಯಾಗಿ ಚಾರ್ಜು ಮಾಡಿದರೆ ಹೊತ್ತಿಕೊಳ್ಳುವ ಜಲಜನಕ ಹೊರಬರುತ್ತದೆ. ಹೊಸ ಲಿಥಿಯಂ ಬ್ಯಾಟರಿ ಹಗುರ, ಆದರೆ ಒಳಗೆ ಪೆಟ್ಟಾದರೆ ಅಥವಾ ಅದಕ್ಕೆ ಹೊಂದದ ಚಾರ್ಜರು ಹಾಕಿದರೆ ತನ್ನ ಕಾವಿನಿಂದ ತಾನೇ ಉರಿಯತೊಡಗಬಹುದು. ಆ ಬೆಂಕಿಯನ್ನು ನಂದಿಸುವುದು ಬಹು ಕಷ್ಟ.

ಇನ್ನು ಆ ಹಸಿರು ಚೀಟಿ. ಪರೀಕ್ಷಕನು ಬಂದು ಮೊದಲು ಮಾಡುವ ಕೆಲಸ ಕಣ್ಣಿನದು. ವಾಯರು ಎಲ್ಲಾದರೂ ಸವೆದಿದೆಯೆ, ಗಾಲಿಯ ಕೆಳಗೆ ಸಿಕ್ಕಿ ಜಜ್ಜಿದೆಯೆ, ಪ್ಲಗ್ಗು ಕಂದಿದೆಯೆ, ಚಾರ್ಜರಿನ ಪೆಟ್ಟಿಗೆ ಸೀಳಿದೆಯೆ ಎಂದು ನೋಡುತ್ತಾನೆ. ಇಂಗ್ಲೆಂಡಿನ ಪ್ಲಗ್ಗಿನೊಳಗೆ ಒಂದು ಫ್ಯೂಸ್ ಇರುತ್ತದೆ. ಅದು ಸರಿಯಾದ ಅಳತೆಯದೇ ಎಂದೂ ನೋಡುತ್ತಾನೆ. ಬಳಿಕ ಯಂತ್ರ ಹಚ್ಚಿ, ವಾಡಿಕೆಯಂತೆ 500 ವೋಲ್ಟಿನ ಒತ್ತಡ ಕೊಟ್ಟು, ವಿದ್ಯುತ್ತು ಹೊದಿಕೆ ದಾಟಿ ಹೊರಗೆ ಸೋರುವುದೋ ಎಂದು ಅಳೆಯುತ್ತಾನೆ. ಸರಿಯಿದ್ದರೆ ತಾರೀಖು ಬರೆದ ಚೀಟಿ ಅಂಟಿಸುತ್ತಾನೆ. ದೋಷಗಳಲ್ಲಿ ಬಹುಪಾಲು ಯಂತ್ರವಿಲ್ಲದೆ ಕಣ್ಣಿಗೇ ಕಾಣುವಂಥವು ಎಂಬುದನ್ನು ಅಲ್ಲಿನ ಸರ್ಕಾರದ ಸುರಕ್ಷಾ ಇಲಾಖೆಯೇ ಹೇಳುತ್ತದೆ.

ಅಲ್ಲಿಯವರಲ್ಲೇ ಅನೇಕರಿಗೆ ತಿಳಿಯದ ಸಂಗತಿಯೊಂದಿದೆ. ವರ್ಷಕ್ಕೊಮ್ಮೆ ಈ ಚೀಟಿ ಅಂಟಿಸಲೇಬೇಕೆಂದು ಯಾವ ಕಾಯಿದೆಯೂ ಹೇಳುವುದಿಲ್ಲ. 1989ರ ವಿದ್ಯುತ್ ನಿಯಮಗಳು ಕೆಲಸದ ಸ್ಥಳದ ಯಜಮಾನರಿಗೆ ಹೇಳುವುದು, ಉಪಕರಣಗಳನ್ನು ಅಪಾಯ ಬಾರದಂತೆ ಇಟ್ಟುಕೊಳ್ಳಿರಿ ಎಂದು. ಎಷ್ಟು ದಿನಕ್ಕೊಮ್ಮೆ, ಹೇಗೆ ಎಂಬುದನ್ನು ವಸ್ತುವನ್ನೂ ಅದರ ಬಳಕೆಯನ್ನೂ ನೋಡಿ ಅವರೇ ನಿಶ್ಚಯಿಸಬೇಕು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 2005ರ ಅಗ್ನಿಸುರಕ್ಷಾ ಆದೇಶವೂ ಸೇರುತ್ತದೆ. ಅದರ ಪ್ರಕಾರ ಕಟ್ಟಡದ ಹೊಣೆಗಾರರು ಬೆಂಕಿಯ ಅಪಾಯವನ್ನು ಮೊದಲೇ ಅಂದಾಜು ಮಾಡಿ, ಪಾರಾಗುವ ದಾರಿಯನ್ನು ತೆರವಾಗಿ ಇಡತಕ್ಕದ್ದು. ಗಾಡಿ ಅಣ್ಣನವರದಾದರೂ ಗೋಡೆ ಆಶ್ರಮದ್ದು. ಪಕ್ಕದ ಕೋಣೆಗಳಲ್ಲಿ ತಾವಾಗಿ ಎದ್ದು ಓಡಲಾರದವರು ಮಲಗಿರುತ್ತಾರೆ. ಚೀಟಿಯ ಮಾತು ರೂಢಿಯದು; ನಡುಹಾದಿಯ ಮಾತು ಮಾತ್ರ ಪ್ರಾಣದ್ದು.

ಇದು ಸುಮ್ಮನೆ ಹೆದರಿಸುವ ಮಾತಲ್ಲ. ಸ್ಕಾಟ್‌ಲೆಂಡಿನ ಅಡಿಂಗ್‌ಸ್ಟನ್ ಊರಿನ ರೋಸ್‌ಪಾರ್ಕ್ ವೃದ್ಧಾಶ್ರಮದಲ್ಲಿ 2004ರ ಜನವರಿ 31ರ ನಸುಕಿನಲ್ಲಿ ಬೆಂಕಿ ಬಿದ್ದು 14 ಮಂದಿ ವೃದ್ಧರು ತೀರಿಕೊಂಡರು. ಅಲ್ಲಿ ಕಾರಣ ಗಾಡಿಯಲ್ಲ. ಬೀರುವಿನೊಳಗಿದ್ದ ವಿದ್ಯುತ್ ಹಂಚಿಕೆಯ ಪೆಟ್ಟಿಗೆಯಲ್ಲಿ ಒಂದು ತಂತಿಯ ಹೊದಿಕೆ ಲೋಹದ ಅಂಚಿಗೆ ತಗಲಿ ಕೆಟ್ಟಿತ್ತು. ವಿಚಾರಣೆಯ ತೀರ್ಮಾನ 2011ರಲ್ಲಿ ಹೊರಬಂದಿತು. ಕಿಡಿ ಹುಟ್ಟಿದ್ದು ಒಂದು ತಂತಿಯಲ್ಲಿ. ಜೀವ ಹೋದದ್ದು ಹಲವು ಸಣ್ಣ ಉಪೇಕ್ಷೆಗಳಿಂದ. ಕೋಣೆಗಳ ಬಾಗಿಲು ತೆರೆದಿದ್ದುವು. ಅಗ್ನಿಶಾಮಕದವರನ್ನು ಕರೆಯಲು ತಡವಾಯಿತು. ಆ ಹದಿನಾಲ್ಕು ಮಂದಿಯ ಮಕ್ಕಳೂ ತಂಗಿಯರೂ, ಅವರು ಸುರಕ್ಷಿತವಾಗಿದ್ದಾರೆಂದೇ ನಂಬಿ ಆ ರಾತ್ರಿ ನಿದ್ರೆ ಮಾಡಿದ್ದಿರಬೇಕು.

ಆದ್ದರಿಂದ ತಾಯಿ, ಅಣ್ಣನವರಿಗೆ ಹೀಗೆ ಹೇಳಿರಿ. ಜಗಳವಾಡದೆ ಮೂರು ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೇಳಲಿ: ಪರೀಕ್ಷೆ ಮಾಡುವವರು ಯಾರು? ಯಾವ ದಿನ ಬರುತ್ತಾರೆ? ಪರೀಕ್ಷೆಯಾದ ಮೇಲೆ ಗಾಡಿಯನ್ನು ಎಲ್ಲಿ ನಿಲ್ಲಿಸಿ ಚಾರ್ಜು ಮಾಡಬಹುದು? ಚಾರ್ಜರನ್ನು ನೋಡಿ ಅಳೆಯುವುದು ಸ್ವಲ್ಪ ಹೊತ್ತಿನ ಕೆಲಸ. ಅದಕ್ಕಾಗಿ ಮುದುಕರನ್ನು ವಾರಗಟ್ಟಲೆ ಕೋಣೆಯಲ್ಲಿ ಕೂಡಿಸುವುದು ನ್ಯಾಯವಲ್ಲ. ನಡುಹಾದಿ ಬೇಡವೆನ್ನುವ ಆಶ್ರಮ ಬೇರೆ ಜಾಗ ತೋರಿಸುವುದೂ ಅಷ್ಟೇ ನ್ಯಾಯ. ಕಚೇರಿಯ ಅನುಭವದಿಂದ ಹೇಳುತ್ತೇನೆ: ಬಾಯಿಮಾತಿನ “ಆಗುವುದಿಲ್ಲ” ಎಂಬುದು ತಾರೀಖು ಹಾಕಿದ ಕಾಗದದ ಮುಂದೆ ಬಹಳ ದಿನ ನಿಲ್ಲುವುದಿಲ್ಲ. ಚೀಟಿ ಬಂದ ಮೇಲೂ ಅಣ್ಣನವರು ವಾರಕ್ಕೊಮ್ಮೆ ವಾಯರಿನ ಮೇಲೆ ಕಣ್ಣಾಡಿಸಲಿ. ಚೀಟಿ ಹಸಿರಾಗಿಯೇ ಇರುತ್ತದೆ. ಮರುದಿನವೇ ಗಾಲಿ ಹರಿದು ವಾಯರು ಸೀಳಿದರೆ ಅದಕ್ಕೆ ತಿಳಿಯುವುದಿಲ್ಲ.

ಉಳಿದ ವಾಚಕರು, “ಇಂಗ್ಲೆಂಡಿನ ಮಾತು ನಮಗೇಕೆ?” ಎನ್ನಬಹುದು. ಬ್ಯಾಟರಿ ಗಾಲಿಕುರ್ಚಿ ನಮ್ಮ ಮನೆಗಳಿಗೂ ಬಂದಿದೆ. ಊರಿನಿಂದ ಕರೆತಂದ ತಂದೆಯವರು, ಅತ್ತೆಯವರು ಎರಡು ಕೋಣೆಯ ಬಿಡಾರದಲ್ಲಿ ಅದರ ಮೇಲೆ ಓಡಾಡುತ್ತಾರೆ. ರಾತ್ರಿ ಅದನ್ನು ನಾವು ಬಾಗಿಲ ಬಳಿ ನಿಲ್ಲಿಸಿ, ಟಿ.ವಿ. ಮತ್ತು ಮೊಬೈಲುಗಳು ಈಗಾಗಲೇ ನೇತಾಡುತ್ತಿರುವ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿ ಮಲಗುತ್ತೇವೆ. ಬೆಂಕಿ ಬಿದ್ದರೆ ಹೊರಬರುವ ಬಾಗಿಲೂ ಅದೊಂದೇ. ಕೇಳಲು ಆಶ್ರಮದ ಮೇಲ್ವಿಚಾರಕರಿಲ್ಲ, ಚೀಟಿ ಅಂಟಿಸುವವರಂತೂ ಇಲ್ಲವೇ ಇಲ್ಲ.

ಖರ್ಚಿಲ್ಲದೆ ಮಾಡಬಹುದಾದದ್ದು ಬಹಳವಿದೆ. ಗಾಡಿಯ ಜೊತೆ ಬಂದ ಚಾರ್ಜರನ್ನೇ ಬಳಸಿರಿ. ಅದು ಕೆಟ್ಟರೆ ತಯಾರಕರು ಹೇಳಿದ ಜಾತಿಯದನ್ನೇ ತನ್ನಿರಿ. ಚಾರ್ಜನ್ನು ಹಗಲಿನಲ್ಲಿ, ಯಾರಾದರೂ ಎಚ್ಚರವಿರುವಾಗ ಮಾಡಿರಿ. ಹೊರಬಾಗಿಲಿನಿಂದಲೂ ಮೆಟ್ಟಿಲಿನಿಂದಲೂ ದೂರ, ಬಟ್ಟೆ ಪರದೆ ತಾಗದ ಕಡೆ, ನೇರವಾಗಿ ಗೋಡೆಯ ಸಾಕೆಟ್ಟಿನಿಂದ. ಪ್ಲಗ್ಗು ಸಾಕೆಟ್ಟುಗಳ ಮೇಲೆ ಐ.ಎಸ್.ಐ. ಗುರುತು ನೋಡಿರಿ. ಬ್ಯಾಟರಿ ಉಬ್ಬಿದರೆ, ವಾಸನೆ ಬಂದರೆ, ಮುಟ್ಟಲಾಗದಷ್ಟು ಕಾದರೆ ಆ ದಿನವೇ ಬಳಕೆ ನಿಲ್ಲಿಸಿರಿ. ಮನೆಯ ಸ್ವಿಚ್ ಪೆಟ್ಟಿಗೆಯಲ್ಲಿ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇದೆಯೇ ಎಂದು ಎಲೆಕ್ಟ್ರಿಷಿಯನ್ನನ್ನು ಕೇಳಿರಿ. ವಿದ್ಯುತ್ತು ಸೋರಿದ ಕೂಡಲೇ ಸರಬರಾಜು ಕಡಿಯುವ ಕಾವಲುಗಾರ ಅದು. ಅದರ ಮೇಲೆ ಪರೀಕ್ಷೆಗೆಂದು ಒಂದು ಗುಂಡಿ ಇರುತ್ತದೆ. ಒತ್ತಿದರೆ ಕರೆಂಟು ಹೋಗಬೇಕು. ಹೋಗದಿದ್ದರೆ ಕಾವಲುಗಾರ ನಿದ್ರಿಸುತ್ತಿದ್ದಾನೆಂದೇ ಅರ್ಥ. ಈ ಪತ್ರಿಕೆ ಮೂರು ತಿಂಗಳಿಗೊಮ್ಮೆ ನಿಮ್ಮ ಕೈ ಸೇರುತ್ತದೆ. ಕನಿಷ್ಠ ಪಕ್ಷ ಅದು ಬಂದ ದಿನವಾದರೂ ಆ ಗುಂಡಿಯನ್ನೊಮ್ಮೆ ಒತ್ತಿ, ಆಮೇಲೆ ಪುಟ ತಿರುವಿರಿ.