ಪುಟ್ಟ ಕಾರಿಗೆ ಹೊಸ ಹುರುಪು: ಮೊದಲ ರೂಪಾಯಿ ಎಲ್ಲಿಗೆ?

ಮನೆಯ ಪುಟ್ಟ ಕಾರು ಒಂದಿಷ್ಟು ಚುರುಕಾಗಿದ್ದರೆ ಸಾಕು, ಅದನ್ನು ಇನ್ನಷ್ಟು ಚುರುಕಾಗಿಸುವ ಚಪಲ ಮಾಲೀಕನಿಗೆ ಹತ್ತಿಕೊಳ್ಳುತ್ತದೆ. ಸೈಲೆನ್ಸರ್ ಬದಲಿಸು ಎನ್ನುತ್ತಾನೆ ಗೆಳೆಯ. ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಪ್ರೋಗ್ರಾಮ್ ಹಾಕೋಣ ಎನ್ನುತ್ತಾನೆ ಗ್ಯಾರೇಜಿನವನು. ಟೈರ್ ಅಂಗಡಿಯವನು ಅಗಲ ಚಕ್ರದ ಆಸೆ ತೋರಿಸುತ್ತಾನೆ. ಮೂವರ ಮಾತನ್ನೂ ಕೇಳಿ ಹಣ ಸುರಿದಾದ ಮೇಲೆ ಕಾರು ಜೋರಾಗಿ ಸದ್ದು ಮಾಡುತ್ತದೆ, ಸಪಾಟು ರಸ್ತೆಯಲ್ಲಿ ನುಗ್ಗುತ್ತದೆ. ಆದರೆ ಘಟ್ಟ ಇಳಿಯುವಾಗ ಅದನ್ನು ಹಿಡಿದು ನಿಲ್ಲಿಸಬೇಕಾದದ್ದು ಮಾತ್ರ ಅದೇ ಹಳೆಯ ಬ್ರೇಕು, ಅದೇ ಸವೆದ ಟೈರು!

ಡಿಕ್ಕಿಯ ಬಾಲವಿಲ್ಲದ, ಹಿಂಬಾಗಿಲನ್ನು ಮೇಲಕ್ಕೆತ್ತುವ ಕಾರಿಗೆ ಹ್ಯಾಚ್‌ಬ್ಯಾಕ್ ಎಂದು ಹೆಸರು. ಅದಕ್ಕೇ ಕಸುವಿನ ಎಂಜಿನ್ ಮತ್ತು ಬಿಗಿಯಾದ ಸಸ್ಪೆನ್ಷನ್ ಕೂಡಿಸಿದರೆ ಹಾಟ್ ಹ್ಯಾಚ್. ಪುಟ್ಟ ಕಾರುಗಳನ್ನು ಹೀಗೆ ಹುರಿಗೊಳಿಸಿದವರ ಇತಿಹಾಸ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಬಲ್ಲವರು ಯಾರೂ ಎಂಜಿನ್ನಿಗಷ್ಟೇ ಕೈಹಾಕಿ ಸುಮ್ಮನಾಗಲಿಲ್ಲ.

ಬ್ರಿಟನ್ನಿನ ಮಿನಿ ಕಾರು 1959ರಲ್ಲಿ ಬಂದಾಗ ಅದರ ಎಂಜಿನ್ 848 ಸಿ.ಸಿ., ಶಕ್ತಿ 34 ಅಶ್ವಶಕ್ತಿ. ರೇಸ್ ಕಾರುಗಳ ನಿರ್ಮಾಪಕ ಜಾನ್ ಕೂಪರ್ ಅವರ ಕೈ ಸೋಕಿ 1961ರಲ್ಲಿ ಹೊರಬಂದ ಮಿನಿ ಕೂಪರ್‌ಗೆ 997 ಸಿ.ಸಿ. ಎಂಜಿನ್, 55 ಅಶ್ವಶಕ್ತಿ. ಇದು ಎಲ್ಲರಿಗೂ ಗೊತ್ತಿರುವ ಕಥೆ. ಅದೇ ಸಮಯದಲ್ಲಿ ಮುಂದಿನ ಚಕ್ರಗಳ ಡ್ರಮ್ ಬ್ರೇಕು ತೆಗೆದು ಡಿಸ್ಕ್ ಬ್ರೇಕು ಕೂರಿಸಿದ ಕಥೆ ಅಷ್ಟಾಗಿ ಗೊತ್ತಿಲ್ಲ. 1963ರಲ್ಲಿ ಇನ್ನೂ ಬಲವಾದ ಕೂಪರ್ ಎಸ್ ಬಂದಾಗ ಡಿಸ್ಕುಗಳೂ ದೊಡ್ಡದಾದವು. 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಗೆದ್ದದ್ದು ಇದೇ ಕಾರು. ಹಿಮ ಮುಚ್ಚಿದ ಪರ್ವತದ ದಾರಿಯಲ್ಲಿ ನಂಬಿಕೆಯಿಂದ ನಿಲ್ಲಬಲ್ಲ ಕಾರಿಗೆ ಮಾತ್ರ ನಂಬಿಕೆಯಿಂದ ಓಡಲು ಸಾಧ್ಯ.

ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯ ಗಾಲ್ಫ್ ಜಿಟಿಐ ಕೂಡ ಇದೇ ದಾರಿ ತುಳಿಯಿತು. 1976ರಲ್ಲಿ ಮಾರಾಟಕ್ಕೆ ಬಂದ ಈ ಕಾರಿನ ಶಕ್ತಿ 110 ಅಶ್ವಶಕ್ತಿ, ತೂಕ ಕೇವಲ 800 ಕಿಲೋ ಆಸುಪಾಸು. ಅದರಲ್ಲೂ ಎಂಜಿನ್ನಿನ ಜೊತೆಗೇ ಬ್ರೇಕು, ಸಸ್ಪೆನ್ಷನ್, ಟೈರು ಎಲ್ಲವೂ ಬದಲಾಗಿದ್ದವು.

ನಮ್ಮಲ್ಲಿ ಈ ಚಪಲಕ್ಕೆ ಹೆಚ್ಚು ಸಿಕ್ಕಿಬಿದ್ದ ಕಾರುಗಳಲ್ಲಿ ಒಂದು, ಅದೇ ಕಂಪನಿ 2013ರಲ್ಲಿ ಇಲ್ಲಿ ಬಿಡುಗಡೆ ಮಾಡಿದ ಪೋಲೊ ಜಿಟಿ ಟಿಎಸ್‌ಐ. 1.2 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 105 ಅಶ್ವಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್, ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್. ಭಾರತದಲ್ಲಿ ಪೋಲೊ ತಯಾರಿಕೆ 2022ರಲ್ಲಿ ನಿಂತಿತು. ಆದ್ದರಿಂದ ಇಂದು ರಸ್ತೆಯಲ್ಲಿರುವ ಪೋಲೊಗಳೆಲ್ಲ ವಯಸ್ಸಾದವೇ. ಅಂಥದ್ದೊಂದನ್ನು ಸೆಕೆಂಡ್ ಹ್ಯಾಂಡ್ ಕೊಂಡು ಚುರುಕುಗೊಳಿಸಲು ಹೊರಟವರು ಹಣವನ್ನು ಯಾವ ಕ್ರಮದಲ್ಲಿ ಖರ್ಚು ಮಾಡಬೇಕು?

ಮೊದಲು ಆರೋಗ್ಯ

ಜ್ವರ ಬಂದವನನ್ನು ಗರಡಿಮನೆಗೆ ಕಳಿಸುವುದಿಲ್ಲ. ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಎಂಜಿನ್ ಆಯಿಲ್, ಕೂಲೆಂಟ್, ಸಸ್ಪೆನ್ಷನ್ನಿನ ರಬ್ಬರ್ ಬುಷ್, ಎಂಜಿನ್ನನ್ನು ಹೊತ್ತ ಮೌಂಟ್ ಇವೆಲ್ಲ ಸರಿಯಾಗಿದ್ದರೆ ಎಷ್ಟೋ ಕಾರುಗಳು ‘ಹೊಸ ಶಕ್ತಿ’ ಬಂದಂತೆ ಓಡುತ್ತವೆ. ಅದು ಹೊಸದೇನೂ ಅಲ್ಲ, ಕಳೆದುಹೋಗಿದ್ದದ್ದು ಮರಳಿ ಬಂದದ್ದು. ಈ ಹಂತ ದಾಟದೆ ಮುಂದಿನ ಖರ್ಚಿಗೆ ಕೈಹಾಕಿದರೆ ಯಾವುದರಿಂದ ಎಷ್ಟು ಲಾಭವಾಯಿತೆಂದು ತಿಳಿಯುವುದೇ ಇಲ್ಲ.

ಆಮೇಲೆ ಬ್ರೇಕು, ಟೈರು

ವೇಗ ಏರಿದಂತೆ ಕಾರಿನೊಳಗಿನ ಚಲನಶಕ್ತಿ ಅದರ ವರ್ಗದಷ್ಟು ಏರುತ್ತದೆ. 100 ಕಿ.ಮೀ. ವೇಗದಲ್ಲಿರುವುದಕ್ಕಿಂತ 120ರಲ್ಲಿ ಶೇ 44ರಷ್ಟು ಹೆಚ್ಚು ಶಕ್ತಿಯನ್ನು ಬ್ರೇಕು ನುಂಗಬೇಕು. ಘಟ್ಟದ ಲೆಕ್ಕ ಇನ್ನೂ ಕಟು. ಆಗುಂಬೆ, ಚಾರ್ಮಾಡಿಯಂಥ ಕಡೆ 500 ಮೀಟರ್ ಎತ್ತರದಿಂದ ಕೆಳಗಿಳಿಯುವುದೆಂದರೆ, 100 ಕಿ.ಮೀ. ವೇಗದ ಕಾರನ್ನು ಹನ್ನೆರಡಕ್ಕೂ ಹೆಚ್ಚು ಸಲ ಪೂರ್ತಿ ನಿಲ್ಲಿಸಿದಷ್ಟು ಶಕ್ತಿಯನ್ನು ಕರಗಿಸಿದಂತೆ. ಕಡಿಮೆ ಗೇರಿನಲ್ಲಿಳಿದರೆ ಎಂಜಿನ್ ಅದರ ದೊಡ್ಡ ಪಾಲನ್ನು ಹೊರುತ್ತದೆ. ಇಲ್ಲವಾದರೆ ಬಹುಪಾಲು ಬ್ರೇಕಿನಲ್ಲಿ ಶಾಖವಾಗುತ್ತದೆ.

ಇಲ್ಲಿಯೇ ಅಗ್ಗದ, ಆದರೆ ಎಲ್ಲರೂ ಮರೆಯುವ ಮದ್ದು ಇರುವುದು: ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಾಳಬೇಕೆಂಬುದು ನಿಯಮ. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ದ್ರವ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ಗುಳ್ಳೆ ಬಂದರೆ ಪೆಡಲು ನೆಲ ಮುಟ್ಟಿದರೂ ಕಾರು ನಿಲ್ಲದು. ಎರಡು ವರ್ಷಕ್ಕೊಮ್ಮೆ ಹೊಸ ದ್ರವ, ಒಳ್ಳೆಯ ಜಾತಿಯ ಬ್ರೇಕ್ ಪ್ಯಾಡ್, ಸವೆದಿದ್ದರೆ ಹೊಸ ಡಿಸ್ಕ್. ರಸ್ತೆಯ ಕಾರಿಗೆ ಬಹುತೇಕ ಇಷ್ಟೇ ಸಾಕು.

ಬ್ರೇಕು ಚಕ್ರವನ್ನು ನಿಲ್ಲಿಸುತ್ತದೆ, ಕಾರನ್ನು ನಿಲ್ಲಿಸುವುದು ಟೈರು. ಪೋಲೊ ಜಿಟಿಗೆ ಬಂದಿದ್ದ ಟೈರಿನ ಅಳತೆ 185/60 ಆರ್15. ಅಂದರೆ ಅಗಲ 185 ಮಿ.ಮೀ., ಪಕ್ಕದ ಎತ್ತರ ಅಗಲದ ಶೇ 60, ರಿಮ್ 15 ಇಂಚು. ಲೆಕ್ಕ ಹಾಕಿದರೆ ಚಕ್ರದ ಒಟ್ಟು ವ್ಯಾಸ 603 ಮಿ.ಮೀ. ಇದರ ಬದಲು 195/55 ಆರ್15 ಹಾಕಿದರೆ ವ್ಯಾಸ ಸುಮಾರು 595. ವ್ಯತ್ಯಾಸ ಶೇ 1ಕ್ಕೆ ತುಸು ಹೆಚ್ಚು, ಸ್ಪೀಡೊಮೀಟರ್ ಹೆಚ್ಚು ದಾರಿ ತಪ್ಪದು. ಚೆಲುವಿಗಾಗಿ 17 ಇಂಚಿನ ಚಕ್ರಕ್ಕೆ ಹಾರಿದರೆ ತೂಕ ಹೆಚ್ಚುವ ಸಂಭವವೇ ಜಾಸ್ತಿ, ಪಕ್ಕದ ರಬ್ಬರು ತೆಳುವಾಗುತ್ತದೆ. ಒಂದು ಗುಂಡಿ ಸಾಕು, ರಿಮ್ ಸೊಟ್ಟಗಾಗಲು. ಅಗಲಕ್ಕಿಂತ ಗುಣ ಮುಖ್ಯ. ಕಂಪನಿ ಹೇಳಿದ ಅಳತೆಯಲ್ಲೇ ಮಳೆಗೂ ಬಿಗಿಹಿಡಿಯುವ ಒಳ್ಳೆಯ ಟೈರು ಕೊಂಡರೆ ಜಾಣತನ.

ಕಾರನ್ನು ತಗ್ಗಿಸಬೇಕೆ?

ಸ್ಪ್ರಿಂಗ್ ಕತ್ತರಿಸಿ ಕಾರನ್ನು ನೆಲಕ್ಕೆ ಹತ್ತಿರ ತರುವ ಹುಚ್ಚು ಕೆಲವರಿಗಿದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ರಸ್ತೆಯುಬ್ಬಿನ ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್. ಊರೂರಿನ ಉಬ್ಬುಗಳೆಲ್ಲ ಈ ಮಾನದಂಡ ಓದಿಕೊಂಡು ಹುಟ್ಟಿದವಲ್ಲ ಎಂಬುದು ಎಲ್ಲರಿಗೂ ತಿಳಿದದ್ದೇ. ಕತ್ತರಿಸಿದ ಸ್ಪ್ರಿಂಗ್ ತನ್ನ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ, ಷಾಕ್ ಅಬ್ಸಾರ್ಬರ್ ಬೇಗ ಕೈಕೊಡುತ್ತದೆ. ದಣಿದ ಷಾಕ್ ಅಬ್ಸಾರ್ಬರುಗಳನ್ನು ಒಳ್ಳೆಯ ದರ್ಜೆಯ ಹೊಸವುಗಳಿಂದ ಬದಲಿಸಿ, ಚಕ್ರದ ಅಲೈನ್‌ಮೆಂಟ್ ಸರಿಮಾಡಿಸಿದರೆ ತಿರುವಿನಲ್ಲಿ ಕಾರಿನ ನಡೆ ಎಷ್ಟೋ ಹದವಾಗುತ್ತದೆ.

ಬಿಟ್ಟಿಯಾಗಿ ಸಿಗುವ ಒಂದು ಸುಧಾರಣೆಯೂ ಉಂಟು, ತೂಕ ಇಳಿಸುವುದು. ಡಿಕ್ಕಿಯಲ್ಲಿ ಖಾಯಂ ಆಗಿ ಕೂತ ಸಬ್‌ವೂಫರ್ ಪೆಟ್ಟಿಗೆ, ಎಂದೋ ತುಂಬಿಟ್ಟ ಸಾಮಾನು ಸೇರಿ 30 ಕಿಲೋ ಇಳಿಸಿದರೆ, 1,100 ಕಿಲೋ ಆಸುಪಾಸಿನ ಕಾರಿಗೆ ಅದು ಸುಮಾರು ಮೂರು ಅಶ್ವಶಕ್ತಿ ಸೇರಿಸಿದ್ದಕ್ಕೆ ಸಮ. ಆದರೆ ಸ್ಟೆಪ್ನಿ ಚಕ್ರ ಮತ್ತು ಜಾಕ್ ಇಳಿಸುವ ಅತಿಬುದ್ಧಿ ಬೇಡ.

ಕೊನೆಗೆ ಎಂಜಿನ್

ಟರ್ಬೊ ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಪ್ರೋಗ್ರಾಮ್ ಬರೆಯುವುದಕ್ಕೆ ರೀಮ್ಯಾಪ್ ಎನ್ನುತ್ತಾರೆ. ಟರ್ಬೊ ತಳ್ಳುವ ಗಾಳಿಯ ಒತ್ತಡ, ಕಿಡಿಯ ವೇಳೆ, ಪೆಟ್ರೋಲಿನ ಪ್ರಮಾಣ ಮೂರನ್ನೂ ಬದಲಿಸಿ ಶಕ್ತಿ ಹೆಚ್ಚಿಸುತ್ತಾರೆ. ಲಾಭ ನಿಜ. ಟರ್ಬೊ ಇಲ್ಲದ ಎಂಜಿನ್ನಿಗೆ ಮಾತ್ರ ಇದರಿಂದ ಸಿಗುವುದು ಅತ್ಯಲ್ಪ. ಆದರೆ ಪೋಲೊ ಜಿಟಿಯ ಒಣ ಕ್ಲಚ್ಚಿನ ಗೇರ್‌ಬಾಕ್ಸ್ ತಾಳುವಂತೆ ವಿನ್ಯಾಸಗೊಂಡದ್ದು 250 ನ್ಯೂಟನ್ ಮೀಟರ್ ಟಾರ್ಕಿಗೆ. ಕಾರ್ಖಾನೆಯವರು 175ಕ್ಕೆ ನಿಲ್ಲಿಸಿದ್ದರಿಂದ ನಡುವೆ ಒಂದಿಷ್ಟು ಜಾಗವಿದೆ. ಆ ಜಾಗವೇ ಕ್ಲಚ್ಚಿನ ಆಯುಷ್ಯ. ಅದನ್ನೆಲ್ಲ ರೀಮ್ಯಾಪ್ ಕಬಳಿಸಿದರೆ ಮುಂದೆ ತೆರಬೇಕಾದ ಬೆಲೆ ಗೇರ್‌ಬಾಕ್ಸಿನದು. ಹಾಸಿಗೆ ಇದ್ದಷ್ಟು ಕಾಲು ಚಾಚುವ ಹಿರಿಯರ ಮಾತು ಇಲ್ಲಿಗೂ ಸಲ್ಲುತ್ತದೆ.

ಬಾನೆಟ್ಟಿನೊಳಗೆ ತೆರೆದುಕೊಂಡಿರುವ ಗೋಪುರದಾಕಾರದ ಫಿಲ್ಟರ್ ಕೂಡ ಮೋಸದ ವಸ್ತು. ಗಾಳಿ ಸಲೀಸಾಗಿ ಒಳಹೋಗುವುದು ನಿಜ. ಆದರೆ ಅದು ಎಂಜಿನ್ ಕೋಣೆಯ ಬಿಸಿ ಗಾಳಿ. ಬಿಸಿ ಗಾಳಿ ತೆಳು, ಅದರಲ್ಲಿ ಆಮ್ಲಜನಕ ಕಡಿಮೆ. ಹೆಚ್ಚುವುದು ಸದ್ದೇ ಹೊರತು ಓಟವಲ್ಲ.

ಕಾನೂನಿನ ಗೆರೆ

ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ನಿಯಮ ಮೀರಿದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸಜೆ, ಅಥವಾ ಎರಡೂ. ವಿಮಾ ಕಂಪನಿಗೆ ತಿಳಿಸದೆ ಎಂಜಿನ್ ಬದಲಾವಣೆ ಮಾಡಿಸಿದವರಿಗೆ ಅಪಘಾತದ ದಿನ ಪರಿಹಾರ ಕೈತಪ್ಪುವ ಭಯವೂ ಇದೆ. ಆದ್ದರಿಂದ ರೀಮ್ಯಾಪ್‌ಗೆ ಮುನ್ನ ಸಾರಿಗೆ ಕಚೇರಿಯನ್ನೂ ವಿಮಾ ಕಂಪನಿಯನ್ನೂ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ಕ್ಷೇಮ. ಒಳ್ಳೆಯ ಬ್ರೇಕ್ ಪ್ಯಾಡು, ಹೊಸ ದ್ರವ, ಹೇಳಿದ ಅಳತೆಯ ಟೈರು, ಗಟ್ಟಿ ಷಾಕ್ ಅಬ್ಸಾರ್ಬರು ಇವಕ್ಕೆ ಯಾರ ಅಪ್ಪಣೆಯೂ ಬೇಡ.

ಹಾಗಾದರೆ ಕೈಯಲ್ಲಿ ನೂರು ರೂಪಾಯಿ ಇದ್ದರೆ ಮೂವತ್ತು ದುರಸ್ತಿಗೆ, ಐವತ್ತು ಬ್ರೇಕು, ಟೈರು, ಷಾಕ್ ಅಬ್ಸಾರ್ಬರುಗಳಿಗೆ. ಉಳಿದ ಇಪ್ಪತ್ತನ್ನು ಆರು ತಿಂಗಳು ಹಾಗೇ ಜೇಬಿನಲ್ಲಿಟ್ಟುಕೊಳ್ಳಬೇಕು. ಸರಿಯಾಗಿ ನಿಲ್ಲುವ, ನಂಬಿಕೆಯಿಂದ ತಿರುಗುವ ಕಾರನ್ನು ಆರು ತಿಂಗಳು ಓಡಿಸಿದ ಮೇಲೂ ಎಂಜಿನ್ ಸಾಲದು ಎನಿಸಿದರೆ ಆಗ ಆ ಇಪ್ಪತ್ತನ್ನು ತೆಗೆಯಲಿ. ಅನೇಕರಿಗೆ ಅದು ಮುಂದಿನ ಪ್ರವಾಸದ ಪೆಟ್ರೋಲಿಗೇ ಉಳಿಯುತ್ತದೆ.