ಗೊಮ್ಮಟ, ಚಂದ್ರಗುತ್ತಿ, ಕಾಂಗ್ಲಾ

ಶ್ರವಣಬೆಳಗೊಳಕ್ಕೆ ಪ್ರವಾಸ ಹೋದಾಗಲೆಲ್ಲ, ಬೆಟ್ಟ ಹತ್ತುವ ಮೊದಲೇ ಹುಡುಗರಲ್ಲಿ ಮುಸಿಮುಸಿ ನಗೆ ಏಳುತ್ತಿದ್ದುದು ನಿಮಗೆ ನೆನಪಿರಬಹುದು. ನಾನು ಗದರುತ್ತಿರಲಿಲ್ಲ. 58 ಅಡಿಯ ಆ ಮೂರ್ತಿಯ ಪಾದದ ಬಳಿ ನಿಂತೊಡನೆ ನಗೆ ತಾನಾಗಿ ಅಡಗುತ್ತಿತ್ತು. ಬತ್ತಲೆಗೆ ಒಂದೇ ಅರ್ಥವಿಲ್ಲವೆಂದು ಪಾಠ ಹೇಳುವ ಕಷ್ಟವನ್ನು ಗೊಮ್ಮಟನೇ ತಪ್ಪಿಸುತ್ತಿದ್ದ.

ಕಾನೂನಿಗೆ ಇದು ಅಷ್ಟು ಸುಲಭವಲ್ಲ. ಹಳೆಯ ದಂಡಸಂಹಿತೆಯ 294ನೆಯ ಕಲಮಿನಂತೆ, 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 296ನೆಯ ಕಲಮೂ, ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಕಿರಿಕಿರಿಯಾಗುವಂತೆ ಅಶ್ಲೀಲ ಕೃತ್ಯವೆಸಗಿದರೆ ಮೂರು ತಿಂಗಳವರೆಗೆ ಸೆರೆ ಎನ್ನುತ್ತದೆ. ನಗ್ನತೆಯೆಂಬ ಮಾತು ಅಲ್ಲಿಲ್ಲ. ಅಶ್ಲೀಲವೆಂದರೇನೆಂಬ ವಿವರಣೆಯೂ ಇಲ್ಲ. ಟೆನಿಸ್ ಆಟಗಾರ ಬೋರಿಸ್ ಬೆಕರ್ ವರ್ಣಭೇದವನ್ನು ವಿರೋಧಿಸಿ ತನ್ನ ಭಾವಿ ಪತ್ನಿಯೊಡನೆ ತೆಗೆಸಿಕೊಂಡ ನಗ್ನಚಿತ್ರ ನಮ್ಮ ಪತ್ರಿಕೆಗಳಲ್ಲಿ ಅಚ್ಚಾದದ್ದು 1993ರಲ್ಲಿ. ಅದು ಅಶ್ಲೀಲವಲ್ಲ, ಸಂದರ್ಭವನ್ನು ನೋಡಬೇಕು ಎಂದು ಸುಪ್ರೀಂ ಕೋರ್ಟು ಹೇಳಿದ್ದು 2014ರಲ್ಲಿ. ಅಷ್ಟು ಹೊತ್ತಿಗೆ ಬೆಕರ್ ಆಟದಿಂದ ನಿವೃತ್ತನಾಗಿ ಎಷ್ಟೋ ವರ್ಷವಾಗಿತ್ತು.

ಆದರೆ ಸಂದರ್ಭವೆಂದರೆ ಯಾವುದು? 1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಬೆತ್ತಲೆ ಸೇವೆಯನ್ನು ತಡೆಯಹೋದವರ ಮೇಲೆ ಗುಂಪು ಎರಗಿ, ಮಹಿಳಾ ಪೊಲೀಸರನ್ನೂ ವಿವಸ್ತ್ರಗೊಳಿಸಿತು. ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಹರಕೆಯೂ ಭಕ್ತರ ಸ್ವಾತಂತ್ರ್ಯವಲ್ಲವೆ ಎಂದ ಸಹೋದ್ಯೋಗಿಯೊಡನೆ ನಾನು ಶಿಕ್ಷಕರ ಕೊಠಡಿಯಲ್ಲಿ ಜಗಳವಾಡಿದ್ದೆ. ದೇವಿ ಮುನಿದಾಳೆಂಬ ಅಂಜಿಕೆಯಿಂದ ಸೀರೆ ಕಳಚುವ ಬಡ ಹೆಂಗಸಿನದು ಎಂಥ ಸ್ವಾತಂತ್ರ್ಯ? ನಿಷೇಧ ಸರಿಯೆಂದೇ ಇಂದಿಗೂ ನನ್ನ ಅಭಿಪ್ರಾಯ.

2004ರ ಜುಲೈ 15ರಂದು ಇಂಫಾಲದ ಕಾಂಗ್ಲಾ ಕೋಟೆಯ ಬಾಗಿಲಲ್ಲಿ 12 ಮಂದಿ ಮಹಿಳೆಯರು ಬಟ್ಟೆ ಕಳಚಿ ನಿಂತರು. ಅಸ್ಸಾಂ ರೈಫಲ್ಸ್ ಬಂಧಿಸಿ ಒಯ್ದಿದ್ದ ಯುವತಿಯೊಬ್ಬಳು ಹೆಣವಾಗಿ ಸಿಕ್ಕಿದ್ದಳು. ಅಜ್ಜಿಯಾಗುವ ವಯಸ್ಸಿನವರೂ ಅವರಲ್ಲಿದ್ದರು. ಸಭ್ಯತೆಯ ಮಾತೆತ್ತಲು ನನ್ನಿಂದಾಗಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಸೇನಾಪಡೆ ಕೋಟೆಯನ್ನು ತೆರವು ಮಾಡಿತು. ಅಭಿವ್ಯಕ್ತಿ ಸ್ವಾತಂತ್ರ್ಯವೆಂಬ ಮಾತಿಗೆ ಇದಕ್ಕಿಂತ ತೂಕದ ಉದಾಹರಣೆಯನ್ನು ನಾನು ತರಗತಿಯಲ್ಲಿ ಕೊಟ್ಟಿರಲಿಲ್ಲ.

ವಕೀಲಳಾಗಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ಇದನ್ನೇ ಹಿಡಿದು ಕೇಳಿದಳು: “ಮೇಷ್ಟ್ರೇ, ಇಂಫಾಲದವರದು ಸ್ವಂತ ನಿರ್ಧಾರ, ಚಂದ್ರಗುತ್ತಿಯವರದು ಅಂಜಿಕೆ ಅಂತ ಹೇಳ್ತೀರಲ್ಲ, ಆ ಹೆಂಗಸರನ್ನ ನೀವು ಯಾವತ್ತಾದರೂ ಮಾತಾಡಿಸಿದ್ರಾ?”

ಇಲ್ಲ, ಮಾತಾಡಿಸಿರಲಿಲ್ಲ.